ನಮೀಬಿಯಾದಲ್ಲಿ ಹದಿಮೂರು ರಾತ್ರಿ: ಓಡಾಟ ಕಡಿಮೆ ಮಾಡಿ, ನೀರಿನ ಹತ್ತಿರ ಕೂತುಕೊಳ್ಳಿ

ಪ್ರಶ್ನೆ: ಮುಂದಿನ ದಸರಾ ರಜೆಗೆ ನಮೀಬಿಯಾಕ್ಕೆ ಹೋಗಬೇಕು ಅಂತಿದ್ದೇವೆ. ನಾನು, ಹೆಂಡತಿ, 11 ವರ್ಷದ ಮಗಳು, 67 ವರ್ಷದ ಅಮ್ಮ. ನಾಲ್ವರೂ ಸಸ್ಯಾಹಾರಿಗಳು. ಕಬಿನಿ, ಬಂಡೀಪುರಕ್ಕೆ ಆಗಾಗ ಹೋಗಿ ಅಭ್ಯಾಸವಿದೆ. ಅಲ್ಲಿ ಹದಿಮೂರು ರಾತ್ರಿ ಸಿಗುತ್ತವೆ. ಫಿಶ್ ರಿವರ್ ಕ್ಯಾನ್ಯನ್, ಸೋಸಸ್‌ಫ್ಲೇ ಮರಳುದಿಬ್ಬಗಳು, ಸ್ಕೆಲಿಟನ್ ಕೋಸ್ಟ್, ಎತೋಷಾ, ಕೊನೆಗೆ ವಿಕ್ಟೋರಿಯಾ ಜಲಪಾತ. ಇಷ್ಟನ್ನೂ ಬಾಡಿಗೆ ಕಾರಿನಲ್ಲಿ ನಾವೇ ಓಡಿಸಿಕೊಂಡು ನೋಡಬಹುದಾ? ಗೈಡ್ ಇಲ್ಲದೆ ಹೋಗುವುದು ಸುರಕ್ಷಿತವಾ? ಅಮ್ಮನಿಗೆ ಕಷ್ಟವಾಗುತ್ತಾ?
– ಧಾರವಾಡದ ಓದುಗರೊಬ್ಬರು

ಉತ್ತರ:

ನೀವೇ ಓಡಿಸಿಕೊಂಡು ಹೋಗಬಹುದು. ಆಫ್ರಿಕಾದಲ್ಲಿ ಮೊದಲ ಸಲ ಸ್ವಂತವಾಗಿ ಗಾಡಿ ಓಡಿಸಿ ಪ್ರಾಣಿ ನೋಡುವವರಿಗೆ ನಮೀಬಿಯಾಕ್ಕಿಂತ ಒಳ್ಳೆಯ ದೇಶ ಸಿಗುವುದು ಕಷ್ಟ. ಆದರೆ ನಿಮ್ಮ ಪಟ್ಟಿ ಹದಿಮೂರು ರಾತ್ರಿಯ ಪಟ್ಟಿಯಲ್ಲ. ಅದರಲ್ಲಿ ಎರಡು ಜಾಗ ಬಿಡಲೇಬೇಕು. ಮೂರನೆಯದನ್ನು ಅರ್ಧ ಬಿಡಬೇಕು.

ಮೊದಲು ದೂರದ ಲೆಕ್ಕ ನೋಡೋಣ. ನಮೀಬಿಯಾ ನಮ್ಮ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು. ಜನ ಮಾತ್ರ ಸುಮಾರು 30 ಲಕ್ಷ. ಅಂದರೆ ಒಂದು ಊರು ಬಿಟ್ಟರೆ ಮುಂದಿನ ಊರಿಗೆ ಎರಡು ಗಂಟೆ ಏನೂ ಸಿಗದಿರುವುದು ಅಲ್ಲಿ ಮಾಮೂಲು. ಫಿಶ್ ರಿವರ್ ಕ್ಯಾನ್ಯನ್ ರಾಜಧಾನಿ ವಿಂಡ್‌ಹುಕ್‌ನಿಂದ ದಕ್ಷಿಣಕ್ಕೆ ಆರುನೂರು ಕಿಲೋಮೀಟರಿಗೂ ಹೆಚ್ಚು. ವಿಕ್ಟೋರಿಯಾ ಜಲಪಾತ ಎತೋಷಾದಿಂದ ಈಶಾನ್ಯಕ್ಕೆ ಸಾವಿರ ಕಿಲೋಮೀಟರ್ ಆಚೆ, ಬೇರೆ ದೇಶದಲ್ಲಿ. ಎರಡನ್ನೂ ಸೇರಿಸಿದರೆ ನಿಮ್ಮ ಮಗಳು ಕಾರಿನ ಹಿಂದಿನ ಸೀಟನ್ನಷ್ಟೇ ಚೆನ್ನಾಗಿ ನೋಡಿ ಬರುತ್ತಾಳೆ. ಇನ್ನೊಂದು ಕಾರಣವೂ ಇದೆ. ದಸರಾ ಹೊತ್ತಿಗೆ ಜಾಂಬೆಜಿ ನದಿಯ ನೀರು ತುಂಬಾ ಇಳಿದಿರುತ್ತದೆ. ಜಾಂಬಿಯಾ ಕಡೆಯ ಜಲಪಾತದಲ್ಲಿ ಬರೀ ಬಂಡೆ ಕಾಣುವ ಕಾಲ ಅದು. ಅಷ್ಟು ದೂರ ಹೋಗಿ ಒಣಗಿದ ಜೋಗ ನೋಡಿದ ಹಾಗಾಗುತ್ತದೆ. ಜಲಪಾತವನ್ನು ಇನ್ನೊಂದು ಸಲಕ್ಕೆ, ಏಪ್ರಿಲ್–ಮೇ ತಿಂಗಳಿಗೆ ಇಟ್ಟುಕೊಳ್ಳಿ.

ಅದೇ ಒಣಗಾಲ ಎತೋಷಾ ಎಂಬ ವನ್ಯಜೀವಿ ಉದ್ಯಾನಕ್ಕೆ ವರ. ದಸರಾ ರಜೆಗೂ ಎತೋಷಾದ ಒಳ್ಳೆಯ ಕಾಲಕ್ಕೂ ತಾಳೆಯಾಗುವುದು ಕರ್ನಾಟಕದ ಕುಟುಂಬಗಳ ಪುಣ್ಯ ಅಂತಲೇ ನಾನು ಹೇಳುತ್ತೇನೆ. ಅಲ್ಲಿ ಮಳೆ ಹೆಚ್ಚುಕಡಿಮೆ ಏಪ್ರಿಲ್‌ಗೆ ನಿಲ್ಲುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಬರುವಷ್ಟರಲ್ಲಿ ಕಾಡಿನೊಳಗಿನ ಹೊಂಡಗಳೆಲ್ಲ ಒಣಗಿ, ಉಳಿದ ಕೆಲವೇ ನೀರಿನ ಜಾಗಗಳಿಗೆ ಎಲ್ಲ ಪ್ರಾಣಿಗಳೂ ಬರಲೇಬೇಕು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆ ಹಿಂಡುಗಳು ಇಳಿದು ಬರುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಅದೇ ಲೆಕ್ಕ. ಅಲ್ಲಿ ಮರ ಕಡಿಮೆ, ಬಯಲು ಜಾಸ್ತಿ. ಹಾಗಾಗಿ ಅರ್ಧ ಕಿಲೋಮೀಟರ್ ದೂರದಿಂದ ಪ್ರಾಣಿ ನಡೆದು ಬರುವುದೇ ಕಾಣುತ್ತದೆ.

ಇದರಿಂದಲೇ ನನ್ನ ಮುಖ್ಯ ಸಲಹೆ ಹುಟ್ಟುತ್ತದೆ. ಎತೋಷಾದಲ್ಲಿ ಪ್ರಾಣಿ ಹುಡುಕಿಕೊಂಡು ಓಡಬೇಡಿ. ನೀರಿನ ಹತ್ತಿರ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸುಮ್ನೆ ಕೂತುಕೊಳ್ಳಿ. ನಮ್ಮ ಸಫಾರಿಗಳಲ್ಲಿ ಇದು ಆಗುವುದಿಲ್ಲ. ಮೂರು ಗಂಟೆಯ ಟಿಕೆಟ್, ಜೀಪಿನಲ್ಲಿ ಬೇರೆಯವರು, ಹುಲಿ ಎಲ್ಲಿ ಎಂಬ ಅವಸರ. ಅಲ್ಲಿ ಗಾಡಿ ನಿಮ್ಮದು, ಸಮಯ ನಿಮ್ಮದು. ಸೂರ್ಯ ಹುಟ್ಟುವಾಗ ಗೇಟು ತೆರೆದರೆ ಮುಳುಗುವ ತನಕ ಒಂದೇ ಹೊಂಡದ ಎದುರು ಕೂತರೂ ಕೇಳುವವರಿಲ್ಲ.

ಎತೋಷಾಕ್ಕೆ ನಾಲ್ಕು ರಾತ್ರಿಗಿಂತ ಕಡಿಮೆ ಕೊಡಬೇಡಿ. ಇದು 22,000 ಚದರ ಕಿಲೋಮೀಟರ್ ಮೀರಿದ ಉದ್ಯಾನ. ಸಂರಕ್ಷಿತ ಪ್ರದೇಶವಾಗಿ ಘೋಷಣೆಯಾದದ್ದು 1907ರಲ್ಲಿ. ನಡುವೆ ಒಂದು ದೊಡ್ಡ ಉಪ್ಪಿನ ಬಯಲಿದೆ, ಸುಮಾರು 130 ಕಿಲೋಮೀಟರ್ ಉದ್ದ. ವರ್ಷದ ಹೆಚ್ಚು ಕಾಲ ಒಣಗಿ ಬೆಳ್ಳಗಿರುತ್ತದೆ. ರಸ್ತೆಗಳು, ನೀರಿನ ಹೊಂಡಗಳು ಹೆಚ್ಚಾಗಿ ಅದರ ದಕ್ಷಿಣದ ಅಂಚಿನಲ್ಲಿವೆ. ಪಶ್ಚಿಮದಿಂದ ಪೂರ್ವಕ್ಕೆ ಮೂರು ಹಳೆಯ ಸರ್ಕಾರಿ ಶಿಬಿರಗಳು: ಒಕೌಕುಯೊ, ಹಲಾಲಿ, ನಮುಟೋನಿ. ಒಂದರಿಂದ ಇನ್ನೊಂದಕ್ಕೆ ಸುಮಾರು 70–75 ಕಿಲೋಮೀಟರ್. ಒಕೌಕುಯೊದಲ್ಲಿ ಎರಡು ರಾತ್ರಿ, ಉಳಿದ ಎರಡರಲ್ಲಿ ಒಂದೊಂದು ರಾತ್ರಿ ಇಟ್ಟುಕೊಳ್ಳಿ. ರೂಮುಗಳು ಸಾಧಾರಣ, ಬೆಲೆ ಸ್ವಲ್ಪ ಜಾಸ್ತಿ. ಉದ್ಯಾನದ ಹೊರಗಿನ ಖಾಸಗಿ ಲಾಡ್ಜುಗಳು ಇದಕ್ಕಿಂತ ಚೆಂದ. ಆದರೂ ಒಳಗೇ ಉಳಿಯಿರಿ. ಕಾರಣ ರಾತ್ರಿ.

ಒಕೌಕುಯೊ ಶಿಬಿರದ ಅಂಚಿಗೆ ಒಂದು ಗಿಡ್ಡ ಕಲ್ಲಿನ ಗೋಡೆ, ಅದರಾಚೆ ನೀರಿನ ಹೊಂಡ. ಗೋಡೆಯ ಈಚೆ ಬೆಂಚುಗಳು. ಕತ್ತಲಾದ ಮೇಲೆ ಹೊಂಡಕ್ಕೆ ಹಳದಿ ಬೆಳಕು ಬಿಟ್ಟಿರುತ್ತಾರೆ. ಊಟ ಮುಗಿಸಿ, ಸ್ವೆಟರ್ ಹೊದ್ದು ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಿ ಕೂರಿ. ಮೊದಲ ಅರ್ಧ ಗಂಟೆ ಏನೂ ಇರುವುದಿಲ್ಲ, ಒಂದೆರಡು ನರಿ ಓಡಾಡುತ್ತವೆ ಅಷ್ಟೇ. ಆಮೇಲೆ ಕತ್ತಲೆಯಿಂದ ಒಂದು ಕರಿ ಖಡ್ಗಮೃಗ ಬರುತ್ತದೆ. ಹತ್ತು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ. ಕಿವಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಮತ್ತೆ ಹತ್ತು ಹೆಜ್ಜೆ. ಅದರ ಕಣ್ಣು ಮಂದ, ಮೂಗು ಕಿವಿ ಚುರುಕು. ಕುಡಿಯುವಾಗ ನೀರು ಎಳೆದುಕೊಳ್ಳುವ ಸದ್ದು ಬೆಂಚಿನವರೆಗೆ ಕೇಳುತ್ತದೆ. ಆನೆಗಳು ಬಂದರೆ ಖಡ್ಗಮೃಗ ಸಿಡುಕುತ್ತಾ ಪಕ್ಕಕ್ಕೆ ಸರಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಜಿರಾಫೆಯದು ಇನ್ನೂ ನಿಧಾನ. ಮುಂಗಾಲು ಅಗಲಿಸಿ ಬಗ್ಗಬೇಕು, ಆಗ ಸಿಂಹ ಬಂದರೆ ಎದ್ದು ಓಡಲು ಹೊತ್ತು ಹಿಡಿಯುತ್ತದೆ. ಅದಕ್ಕೇ ನೀರಿನ ಎದುರು ಬಂದು ನಿಂತು, ಸುತ್ತ ನೋಡಿ, ಬಗ್ಗಲು ಹೋಗಿ, ಬೆದರಿ ಮತ್ತೆ ನೆಟ್ಟಗಾಗುತ್ತದೆ. ಇದನ್ನೆಲ್ಲ ನೋಡಲು ಟಿಕೆಟ್ ಬೇಡ, ಗೈಡ್ ಬೇಡ, ಗಾಡಿ ಹತ್ತಿ ಇಳಿಯುವುದೂ ಬೇಡ. 67ರ ಅಮ್ಮನಿಗೆ ಇಷ್ಟು ಸುಲಭವಾಗಿ ಕರಿ ಖಡ್ಗಮೃಗ ಕಾಣುವ ಜಾಗ ಲೋಕದಲ್ಲಿ ತೀರಾ ಕಡಿಮೆ. ಹೊರಗಿನ ಲಾಡ್ಜಿನಲ್ಲಿ ಉಳಿದರೆ ಸೂರ್ಯ ಮುಳುಗುವುದರೊಳಗೆ ಉದ್ಯಾನ ಬಿಟ್ಟು ಹೊರಡಬೇಕು. ಇದೆಲ್ಲ ತಪ್ಪಿಹೋಗುತ್ತದೆ.

ಹಲಾಲಿಯ ಹೊಂಡದ ಎದುರು ಬಂಡೆಗಳ ಮೇಲೆ ಕೂರುವ ಜಾಗವಿದೆ. ಒಕೌಕುಯೊಗಿಂತ ಜನ ಕಡಿಮೆ, ಕತ್ತೆಕಿರುಬ ಬರುವುದು ಹೆಚ್ಚು. ಅದೃಷ್ಟವಿದ್ದರೆ ಚಿರತೆಯೂ ಬರುತ್ತದೆ. ಹಗಲಲ್ಲಿ ಒಕೌಕುಯೊದ ಪೂರ್ವಕ್ಕಿರುವ ನೆಬ್ರೌನಿ, ಉಪ್ಪಿನ ಬಯಲಿನ ಅಂಚಿನ ಒಕೊಂಡೆಕಾ, ಹಲಾಲಿ ಹತ್ತಿರದ ರೀಟ್‌ಫಾಂಟೈನ್ ಮತ್ತು ಸಾಲ್ವಡೋರಾ, ನಮುಟೋನಿ ಹತ್ತಿರದ ಚುಡೋಪ್, ಇಷ್ಟು ಹೆಸರು ಬರೆದಿಟ್ಟುಕೊಳ್ಳಿ. ಸಿಂಹಕ್ಕೆ ಒಕೊಂಡೆಕಾ, ಜಿರಾಫೆಗೆ ಚುಡೋಪ್ ಹೆಸರುವಾಸಿ. ಪ್ರತಿ ಶಿಬಿರದಲ್ಲೂ ಪ್ರವಾಸಿಗಳು ತಾವು ಏನು ಎಲ್ಲಿ ನೋಡಿದೆವೆಂದು ಬರೆಯುವ ಪುಸ್ತಕ ಇರುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಒಮ್ಮೆ ತಿರುವಿ ಹಾಕಿ. ಉದ್ಯಾನದೊಳಗೆ ವೇಗ 60 ದಾಟುವಂತಿಲ್ಲ. ಬೇಲಿ ಇರುವ ಶಿಬಿರ, ಗುರುತು ಮಾಡಿದ ಶೌಚಾಲಯದ ಜಾಗ ಬಿಟ್ಟು ಎಲ್ಲೂ ಇಳಿಯುವಂತಿಲ್ಲ. ಫೋಟೋಗಾಗಿ ಬಾಗಿಲು ತೆರೆದು ಒಂದು ಕಾಲು ಹೊರಗಿಡುವುದೂ ಬೇಡ.

ನಿರೀಕ್ಷೆಯ ಬಗ್ಗೆಯೂ ಒಂದು ಮಾತು. ಎತೋಷಾದಲ್ಲಿ ಕಾಡೆಮ್ಮೆ ಇಲ್ಲ, ನೀರುಕುದುರೆ ಇಲ್ಲ, ಮೊಸಳೆ ಇಲ್ಲ. ಆನೆಗಳು ಭಾರಿ ದೊಡ್ಡವು, ಆದರೆ ದಂತ ಗಿಡ್ಡ, ಎಷ್ಟೋ ಆನೆಗಳದು ಮುರಿದಿರುತ್ತದೆ. ಅಲ್ಲಿನ ಬಿಳಿ ಮಣ್ಣು ಎರಚಿಕೊಂಡು ಸುಣ್ಣ ಬಳಿದ ಹಾಗೆ ಕಾಣುತ್ತವೆ. ಹೆಣ್ಣಾನೆಗೂ ದಂತ ಇರುವುದನ್ನು ಮಗಳಿಗೆ ತೋರಿಸಿ. ನಾಗರಹೊಳೆಯಲ್ಲಿ ಅದು ಕಾಣಸಿಗದು. ಖಡ್ಗಮೃಗದ ಫೋಟೋ ತೆಗೆದರೆ ಜಾಗದ ಹೆಸರು ಹಾಕಿ ವಾಟ್ಸಾಪ್, ಇನ್‌ಸ್ಟಾಗ್ರಾಂಗೆ ಬಿಡಬೇಡಿ. ಫೋನಿನಲ್ಲಿ ಲೊಕೇಶನ್ ಆಫ್ ಮಾಡಿಟ್ಟಿರಿ. ಕೊಂಬಿಗಾಗಿ ಕೊಲ್ಲುವವರು ಈಗಲೂ ಇದ್ದಾರೆ, ಅವರೂ ಇಂಥ ಫೋಟೋ ನೋಡುತ್ತಾರೆ.

ಎತೋಷಾದ ಬಗ್ಗೆ ಇನ್ನೊಂದು ಸಂಗತಿ ತಿಳಿದಿರಲಿ. ಆ ಕಾಡಿನಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕಿದ್ದ ಹಾಯ್‌ಓಮ್ ಸಾನ್ ಜನರನ್ನು 1954ರಲ್ಲಿ ಹೊರಗೆ ಹಾಕಿದರು. ನಾಗರಹೊಳೆಯ ಜೇನುಕುರುಬರ ಹಾಡಿಗಳ ಕತೆ ಗೊತ್ತಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಲವು ಹೊಂಡಗಳ ಸುತ್ತ ಅವರ ಹಟ್ಟಿಗಳಿದ್ದವು.

ಈಗ ರಸ್ತೆಯ ವಿಷಯ. ಗೈಡ್ ಇಲ್ಲದಿದ್ದರೆ ಅಪಾಯವೇ ಅಂತ ಕೇಳಿದ್ದೀರಿ. ನಮೀಬಿಯಾದಲ್ಲಿ ಪ್ರವಾಸಿಗಳಿಗೆ ದೊಡ್ಡ ಅಪಾಯ ಸಿಂಹವಲ್ಲ, ಕಳ್ಳರೂ ಅಲ್ಲ. ಜಲ್ಲಿ ರಸ್ತೆ. ದಯವಿಟ್ಟು ಈ ಭಾಗವನ್ನು ನಿಮ್ಮ ಹೆಂಡತಿಯವರಿಗೂ ಓದಿ ಹೇಳಿ. ಅವರೂ ಸ್ಟೇರಿಂಗ್ ಹಿಡಿಯುವುದಾದರೆ ಇನ್ನೂ ಒಳ್ಳೆಯದು.

ಅಲ್ಲಿನ ವಾಹನಗಳು ನಮ್ಮ ಹಾಗೇ ಎಡಗಡೆ ಓಡುತ್ತವೆ, ಸ್ಟೇರಿಂಗ್ ಬಲಗಡೆ. ಅದು ನಮಗೆ ದೊಡ್ಡ ಅನುಕೂಲ. ರಸ್ತೆಗಳಿಗೆ ಅಕ್ಷರಗಳಿವೆ. ಬಿ ಅಂದರೆ ಹೆಚ್ಚಾಗಿ ಒಳ್ಳೆಯ ಡಾಂಬರು. ಸಿ ಮತ್ತು ಡಿ ಅಂದರೆ ಹೆಚ್ಚಾಗಿ ಜಲ್ಲಿ. ಈ ಜಲ್ಲಿ ರಸ್ತೆ ಅಗಲವಾಗಿ, ನೇರವಾಗಿ, ಖಾಲಿಯಾಗಿ ಇರುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಕೈ ಕೂರುತ್ತದೆ. ಮುಳ್ಳು ತಾನಾಗಿ 100ಕ್ಕೆ ಏರುತ್ತದೆ. ಆಗಲೇ ತೊಂದರೆ. ಸಣ್ಣ ಕಲ್ಲಿನ ಮೇಲೆ ಟೈರಿಗೆ ಹಿಡಿತ ಕಡಿಮೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರುತ್ತದೆ. ಗಾಬರಿಯಿಂದ ಸ್ಟೇರಿಂಗ್ ಎಳೆದರೆ ಗಾಡಿ ಪಲ್ಟಿ. ಎದುರಿಗೆ ಬೇರೆ ವಾಹನವೇ ಇಲ್ಲದೆ ಆಗುವ ಅಪಘಾತಗಳು ಇವು.

ಆದ್ದರಿಂದ ಕಾನೂನು ಎಷ್ಟೇ ಬಿಡಲಿ, ಜಲ್ಲಿಯಲ್ಲಿ ನಿಮ್ಮ ಮಿತಿ 80. ಬಾಡಿಗೆ ಕಂಪನಿಗಳೂ ಹೆಚ್ಚಾಗಿ ಇದನ್ನೇ ಷರತ್ತಾಗಿ ಹಾಕುತ್ತವೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ. ಎದುರಿನಿಂದ ಗಾಡಿ ಬಂದರೆ ಎಡಕ್ಕೆ ಸರಿದು ನಿಧಾನ ಮಾಡಿ. ಅದು ಎಬ್ಬಿಸಿದ ಧೂಳಿನಲ್ಲಿ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ. ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡಿರಿ. ಜಲ್ಲಿ ರಸ್ತೆಗೆ ಇಳಿಯುವಾಗ ಟೈರಿನ ಗಾಳಿ ಸ್ವಲ್ಪ ಕಡಿಮೆ ಮಾಡಬೇಕು. ಎಷ್ಟು ಅನ್ನುವುದನ್ನು ಗಾಡಿ ಕೊಡುವವರ ಹತ್ತಿರ ಕೇಳಿ ಬರೆದುಕೊಳ್ಳಿ, ಭಾರದ ಮೇಲೆ ಅದು ಬದಲಾಗುತ್ತದೆ. ಕತ್ತಲಾದ ಮೇಲೆ ಗಾಡಿ ಓಡಿಸಲೇಬೇಡಿ. ಕುಡು ಎಂಬ ದೊಡ್ಡ ಜಿಂಕೆ ಹೆಡ್‌ಲೈಟಿಗೆ ಹಾರಿ ಬೀಳುತ್ತದೆ, ಕತ್ತೆ ದನಗಳು ರಸ್ತೆಯಲ್ಲೇ ನಿಂತಿರುತ್ತವೆ. ರಾತ್ರಿ ಓಡಿಸಿದ್ದಕ್ಕೆ ವಿಮೆಯೂ ಅನೇಕ ಸಲ ಅನ್ವಯಿಸುವುದಿಲ್ಲ.

ಗಾಡಿ ತೆಗೆದುಕೊಳ್ಳುವಾಗ ಎರಡು ಸ್ಟೆಪ್ನಿ ಕೇಳಿ. ಪಂಕ್ಚರ್ ಆಗದೆ ಬಂದವರು ಪುಣ್ಯವಂತರು. ವಿಮಾನ ನಿಲ್ದಾಣದ ಅಂಗಳದಲ್ಲೇ, ಅವರೆದುರಿಗೇ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಜಾಕಿ ಎಲ್ಲಿದೆ, ಸ್ಪ್ಯಾನರ್ ಸರಿಯಾಗಿ ಕೂರುತ್ತದಾ, ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ಅಲ್ಲೇ ಗೊತ್ತಾಗಲಿ. ಟೈರು ಮತ್ತು ಗಾಜಿಗೆ ಬೇರೆಯಾಗಿ ವಿಮೆ ಮಾಡಿಸಿ, ಕಲ್ಲು ಸಿಡಿಯುವುದು ತಪ್ಪಿದ್ದಲ್ಲ. ನಾಲ್ವರಿಗೆ ಟೊಯೋಟಾ ಹೈಲಕ್ಸ್ ತರಹದ, ನೆಲದಿಂದ ಎತ್ತರವಿರುವ ಡಬಲ್ ಕ್ಯಾಬ್ ಗಾಡಿ ಸರಿಹೋಗುತ್ತದೆ. ಗಾಡಿಯ ತಲೆಯ ಮೇಲೆ ಡೇರೆ ಇರುವಂಥದ್ದು ನಿಮಗೆ ಬೇಡ. ಅಮ್ಮ ರಾತ್ರಿ ಎರಡು ಸಲ ಏಣಿ ಇಳಿಯುವಂತಾಗಬಾರದು. ರೂಮುಗಳಲ್ಲೇ ಉಳಿಯಿರಿ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ, ಅರ್ಧ ಖಾಲಿಯಾಗಲಿ ಅಂತ ಕಾಯಬೇಡಿ. ಗಾಡಿಯಲ್ಲಿ ತಲೆಗೆ ಐದು ಲೀಟರ್ ಕುಡಿಯುವ ನೀರು ಯಾವಾಗಲೂ ಇರಲಿ. ಫೋನ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಹೊರಡುವ ಮುಂಚೆ ಧಾರವಾಡದ ಆರ್‌ಟಿಓದಲ್ಲಿ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಬ್ಬರೂ ಮಾಡಿಸಿಕೊಳ್ಳಿ. ಒಂದು ವರ್ಷ ನಡೆಯುತ್ತದೆ.

ದಾರಿಯನ್ನು ನಾನು ಹೀಗೆ ಇಡುತ್ತೇನೆ. ವಿಂಡ್‌ಹುಕ್‌ನಲ್ಲಿ ಒಂದು ರಾತ್ರಿ. ವಿಮಾನ ಇಳಿದ ದಿನವೇ ದೂರ ಓಡಿಸುವುದು ಬೇಡ. ಆಮೇಲೆ ಸೆಸ್ರಿಯಂನಲ್ಲಿ ಮೂರು ರಾತ್ರಿ, ಸ್ವಾಕೊಪ್‌ಮುಂಡ್‌ನಲ್ಲಿ ಎರಡು, ಟ್ವೈಫೆಲ್‌ಫಾಂಟೈನ್ ಸುತ್ತಮುತ್ತ ಎರಡು, ಎತೋಷಾದಲ್ಲಿ ನಾಲ್ಕು, ವಾಪಸು ಬರುವಾಗ ಒಚಿವಾರೊಂಗೊ ಹತ್ತಿರ ಒಂದು. ಮರುದಿನ ಅಲ್ಲಿಂದ ವಿಮಾನ ನಿಲ್ದಾಣ. ಮಧ್ಯದ ಪ್ರಯಾಣಗಳೆಲ್ಲ ಸುಮಾರು 300–350 ಕಿಲೋಮೀಟರ್. ಓದಲು ಸಣ್ಣದು. ಜಲ್ಲಿಯಲ್ಲಿ, ನಿಲ್ಲಿಸುತ್ತಾ ಹೋದರೆ ಆರೇಳು ಗಂಟೆ. ಬೆಳಿಗ್ಗೆ ಎಂಟಕ್ಕೆ ಹೊರಟು ಮೂರರೊಳಗೆ ತಲುಪುವ ಹಾಗೆ ಇಟ್ಟುಕೊಳ್ಳಿ.

ಸೆಸ್ರಿಯಂ ಮರಳುದಿಬ್ಬಗಳ ಬಾಗಿಲು. ಅಲ್ಲೂ ಅದೇ ಮಾತು, ಆದಷ್ಟು ಗೇಟಿನೊಳಗೇ ಉಳಿಯಿರಿ. ಒಳಗೆ ಉಳಿದವರಿಗೆ ಸೂರ್ಯ ಹುಟ್ಟುವ ಒಂದು ಗಂಟೆ ಮುಂಚೆ ಹೊರಡಲು ಬಿಡುತ್ತಾರೆ. ಹೊರಗಿನವರು ಗೇಟಿನಲ್ಲಿ ಸಾಲು ನಿಲ್ಲಬೇಕು. ಅಲ್ಲಿಂದ ಸೋಸಸ್‌ಫ್ಲೇ ದಾರಿ 60 ಕಿಲೋಮೀಟರ್ ಡಾಂಬರು, ಕೊನೆಯ ಐದು ಕಿಲೋಮೀಟರ್ ದಪ್ಪ ಮರಳು. ಆ ಐದು ಕಿಲೋಮೀಟರಿನಲ್ಲಿ ದಿನವೂ ಗಾಡಿಗಳು ಹೂತುಕೊಳ್ಳುತ್ತವೆ. ಮರಳಲ್ಲಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಡಾಂಬರು ಮುಗಿಯುವಲ್ಲೇ ನಿಲ್ಲಿಸಿ ಶಟಲ್ ಗಾಡಿ ಹತ್ತಿ.

ಎಲ್ಲರೂ ದಿಬ್ಬ ಹತ್ತಲು ಓಡುತ್ತಾರೆ. ನೀವು ಮೊದಲು ಡೆಡ್‌ಫ್ಲೇಗೆ ಹೋಗಿ. ಮರಳಲ್ಲಿ ಸುಮಾರು ಒಂದು ಕಿಲೋಮೀಟರ್ ನಡಿಗೆ. ಅಮ್ಮ ಬೆಳಗಿನ ತಂಪಿನಲ್ಲಿ ನಿಧಾನವಾಗಿ ನಡೆದಾರು. ಆಗದಿದ್ದರೆ ಗಾಡಿ ನಿಲ್ಲುವಲ್ಲಿ ಜಾಲಿಯ ಜಾತಿಯ ದೊಡ್ಡ ಮರಗಳ ನೆರಳಿದೆ, ಅಲ್ಲಿ ಕೂರಲಿ. ಡೆಡ್‌ಫ್ಲೇ ಅಂದರೆ ಕೆಂಪು ದಿಬ್ಬಗಳ ನಡುವಿನ ಬಿಳಿ ಜೇಡಿನ ಬಟ್ಟಲು. ಅದರಲ್ಲಿ ಕಪ್ಪು ಮರಗಳು ನಿಂತಿವೆ. ಹಿಂದೆ ತ್ಸಾವ್‌ಚಾಬ್ ಎಂಬ ನದಿಯ ನೀರು ಇಲ್ಲಿಗೆ ಬರುತ್ತಿತ್ತು. ಆಮೇಲೆ ಮರಳುದಿಬ್ಬಗಳು ಸರಿದು ಬಂದು ದಾರಿ ಮುಚ್ಚಿದವು. ಮರಗಳು ಸತ್ತು ಆರೇಳುನೂರು ವರ್ಷವಾಯಿತು ಅನ್ನುತ್ತಾರೆ. ಕೊಳೆಯಬೇಕಾದರೂ ತೇವ ಬೇಕಲ್ಲ, ಅದೂ ಇಲ್ಲ. ಅದಕ್ಕೇ ಬಿಸಿಲಿಗೆ ಸುಟ್ಟು ಹಾಗೇ ನಿಂತಿವೆ. ಮುಟ್ಟಬೇಡಿ, ಒರಗಬೇಡಿ, ಮಗಳಿಗೂ ಹೇಳಿ. ಹತ್ತು ಗಂಟೆಯೊಳಗೆ ವಾಪಸು ಗಾಡಿಗೆ ಬನ್ನಿ. ಅಕ್ಟೋಬರ್ ಬಿಸಿಲಲ್ಲಿ ಆ ಮರಳು ಚಪ್ಪಲಿಯಲ್ಲೂ ಕಾಲು ಸುಡುತ್ತದೆ, ಶೂ ಹಾಕಿಕೊಳ್ಳಿ. ಮೂರು ರಾತ್ರಿ ಯಾಕೆ ಅಂದರೆ ಮೊದಲ ದಿನ ಸಂಜೆಯೊಳಗೆ ತಲುಪಿ ಸುಮ್ಮನೆ ಮಲಗಬೇಕು, ಮುಂದಿನ ಎರಡು ಬೆಳಗುಗಳು ಸಿಗಬೇಕು. ಒಂದು ಬೆಳಗು ಡೆಡ್‌ಫ್ಲೇಗೆ, ಇನ್ನೊಂದು ದಿಬ್ಬ ಹತ್ತಲು. 45 ನಂಬರಿನ ದಿಬ್ಬ ಮಗಳಿಗೆ ಸಾಕು. ಬಿಗ್ ಡ್ಯಾಡಿ ಎಂಬುದು 300 ಮೀಟರಿಗೂ ಎತ್ತರ, ನಿಮ್ಮ ಮಂಡಿಗೆ ಧೈರ್ಯವಿದ್ದರೆ ನೋಡಿ.

ಅಲ್ಲಿಂದ ಸ್ವಾಕೊಪ್‌ಮುಂಡ್‌ಗೆ ಹೋಗುವ ದಾರಿಯಲ್ಲಿ ಕ್ವೀಸೆಬ್ ನದಿಯ ಕಣಿವೆ ದಾಟುತ್ತೀರಿ. ನದಿ ಅನ್ನಲು ನೀರಿರುವುದಿಲ್ಲ. ಆದರೆ ಅದರ ದಕ್ಷಿಣಕ್ಕೆ ಮರಳಿನ ಸಮುದ್ರ, ಉತ್ತರಕ್ಕೆ ಬರೀ ಜಲ್ಲಿ ಬಯಲು. ಅಪರೂಪಕ್ಕೆ ಬರುವ ಪ್ರವಾಹ ಮರಳನ್ನು ಕೊಚ್ಚಿಕೊಂಡು ಹೋಗಿ ದಿಬ್ಬಗಳನ್ನು ದಕ್ಷಿಣದಲ್ಲೇ ತಡೆಯುತ್ತದೆ. ಭೂಗೋಳದ ಪಾಠ ಇಷ್ಟು ಸ್ಪಷ್ಟವಾಗಿ ಕಣ್ಣೆದುರು ಬಿಚ್ಚಿಕೊಳ್ಳುವ ಜಾಗ ನನಗೆ ಬೇರೆ ಗೊತ್ತಿಲ್ಲ. ಕಣಿವೆಯ ಮೇಲೆ ಗಾಡಿ ನಿಲ್ಲಿಸಿ ಮಗಳಿಗೆ ತೋರಿಸಿ.

ಸಮುದ್ರದ ಹತ್ತಿರ ಹೋದಂತೆ ಸೆಕೆ ಹೋಗಿ ಮಂಜು ಬರುತ್ತದೆ. ಬೆಂಗ್ವೆಲಾ ಎಂಬ ತಣ್ಣನೆಯ ಸಾಗರ ಪ್ರವಾಹ ಆ ಕರಾವಳಿಯುದ್ದಕ್ಕೂ ಹರಿಯುತ್ತದೆ. ಮಳೆ ಕೊಡುವುದಿಲ್ಲ, ಮಂಜು ಕೊಡುತ್ತದೆ. ಮರುಭೂಮಿಯ ಒಂದು ಜಾತಿಯ ಜೀರುಂಡೆ ದಿಬ್ಬದ ನೆತ್ತಿಗೆ ಹತ್ತಿ, ತಲೆ ಕೆಳಗೆ ಮಾಡಿ ನಿಂತು, ಬೆನ್ನ ಮೇಲೆ ಕೂತ ಮಂಜಿನ ಹನಿ ಬಾಯಿಗೆ ಇಳಿಯುವಂತೆ ಮಾಡಿಕೊಳ್ಳುತ್ತದೆ. ಇಂಥವನ್ನು ತೋರಿಸಲು ಸ್ವಾಕೊಪ್‌ಮುಂಡ್‌ನಿಂದ ಅರ್ಧ ದಿನದ ಗೈಡ್ ಪ್ರವಾಸಗಳಿವೆ. ಇಲ್ಲಿ ಗೈಡ್‌ಗೆ ದುಡ್ಡು ಕೊಡಿ. ಮರಳಿನೊಳಗಿನ ಹಲ್ಲಿ, ಹಾವು ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಹತ್ತಿರದ ವಾಲ್ವಿಸ್ ಬೇ ಹಿನ್ನೀರಿನಲ್ಲಿ ರಾಜಹಂಸಗಳು ದಡದ ರಸ್ತೆಯಿಂದಲೇ ಕಾಣುತ್ತವೆ. ಸ್ಕೆಲಿಟನ್ ಕೋಸ್ಟ್ ಅಂತ ನೀವು ಬರೆದಿರುವುದಕ್ಕೆ ಬದಲು ಕೇಪ್ ಕ್ರಾಸ್ ನೋಡಿ, ಸ್ವಾಕೊಪ್‌ಮುಂಡ್‌ನಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್. ಸಾವಿರಾರು ಸೀಲ್‌ಗಳು ಬಂಡೆಯ ಮೇಲೆ ಬಿದ್ದುಕೊಂಡಿರುತ್ತವೆ. ವಾಸನೆ ಮಾತ್ರ ಸಹಿಸಬೇಕು, ಅಮ್ಮನ ಮೂಗಿಗೆ ಒಂದು ಕರ್ಚೀಫ್ ಇರಲಿ.

ಸ್ವಾಕೊಪ್‌ಮುಂಡ್ ಜರ್ಮನ್ ಕಾಲದ ಮನೆಗಳ ಚೆಂದದ ಊರು. ಆ ಚೆಂದದ ಹಿಂದೆ ಏನಿದೆ ಎಂಬುದೂ ಗೊತ್ತಿರಬೇಕು. 1904ರಿಂದ 1908ರವರೆಗೆ ಜರ್ಮನ್ ವಸಾಹತು ಸೇನೆ ಹೆರೆರೊ ಮತ್ತು ನಾಮಾ ಜನರನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಕೊಂದಿತು, ಮರುಭೂಮಿಗೆ ಅಟ್ಟಿ ನೀರಿಲ್ಲದೆ ಸಾಯಿಸಿತು. ಅದು ನರಮೇಧವೆಂದು ಜರ್ಮನಿ ಅಧಿಕೃತವಾಗಿ ಒಪ್ಪಿಕೊಂಡದ್ದು 2021ರಲ್ಲಿ. ಊರಂಚಿನ ಸ್ಮಶಾನದಲ್ಲಿ ಹೆಸರಿಲ್ಲದ ಮಣ್ಣಿನ ಗುಡ್ಡೆಗಳಿವೆ, ಆ ಜನರ ಗೋರಿಗಳು. ಹತ್ತು ನಿಮಿಷ ಹೋಗಿ ನಿಂತು ಬನ್ನಿ. 11 ವರ್ಷದ ಮಗುವಿಗೆ ಇದನ್ನು ಹೇಳಬಾರದು ಅಂತ ನನಗೆ ಅನಿಸುವುದಿಲ್ಲ.

ಟ್ವೈಫೆಲ್‌ಫಾಂಟೈನ್ ಬಂಡೆಗಳ ಮೇಲೆ ಬೇಟೆಗಾರ ಜನ ಕೆತ್ತಿದ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. 2007ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಬೆಳಿಗ್ಗೆ ಬೇಗ ನೋಡಿ, ನೆರಳಿಲ್ಲ. ಸಂಜೆ ಅಲ್ಲಿನ ಲಾಡ್ಜಿನ ಗೈಡ್ ಜೊತೆ ಒಣ ನದಿಪಾತ್ರದಲ್ಲಿ ಆನೆ ಹುಡುಕಲು ಹೋಗಿ. ಇವು ಬೇರೆ ಜಾತಿಯ ಆನೆಗಳಲ್ಲ. ಅದೇ ಆಫ್ರಿಕಾದ ಆನೆ, ಮರುಭೂಮಿಯಲ್ಲಿ ಬದುಕಲು ಕಲಿತದ್ದು. ನೀರಿನಿಂದ ನೀರಿಗೆ ಎಷ್ಟೋ ದೂರ ನಡೆಯುತ್ತವೆ. ಸ್ವಂತ ಗಾಡಿಯಲ್ಲಿ ನದಿಪಾತ್ರಕ್ಕೆ ಇಳಿಯಬೇಡಿ. ಹೂತುಕೊಳ್ಳುತ್ತೀರಿ, ಆನೆಗೂ ಕಿರಿಕಿರಿ. ಈ ಪ್ರದೇಶದ ಹಲವು ಲಾಡ್ಜುಗಳ ಆದಾಯದಲ್ಲಿ ಊರಿನವರಿಗೆ ಪಾಲಿದೆ. 1996ರ ಕಾನೂನಿನ ನಂತರ ಅಲ್ಲಿನ ಹಳ್ಳಿಗಳು ಸೇರಿ ತಮ್ಮ ಜಾಗದ ಕಾಡುಪ್ರಾಣಿಯನ್ನು ತಾವೇ ನೋಡಿಕೊಳ್ಳುವ ಸಂಘ ಮಾಡಿಕೊಳ್ಳಬಹುದು, ಕನ್ಸರ್ವೆನ್ಸಿ ಅಂತಾರೆ. ಕೆಲವು ಸಂಘಗಳು ಬೇಟೆಯ ಪರವಾನಗಿಯಿಂದಲೂ ಹಣ ಪಡೆಯುತ್ತವೆ. ಆ ಬಗ್ಗೆ ವಾದವಿದೆ. ಆದರೆ ಹೊಲಕ್ಕೆ ಆನೆ ನುಗ್ಗಿದಾಗಲೂ ಆ ಆನೆ ಇರಲಿ ಅನ್ನಲು ಊರಿನವರಿಗೆ ಒಂದು ಕಾರಣ ಸಿಕ್ಕಿದೆ. ಸಕಲೇಶಪುರ, ಕೊಡಗಿನ ಕಡೆಯವರು ಇದನ್ನು ನೋಡಬೇಕು ಅಂತ ನನಗೆ ಬಹಳ ಸಲ ಅನಿಸಿದೆ.

ಒಚಿವಾರೊಂಗೊ ಹತ್ತಿರದ ರಾತ್ರಿ ಚೀತಾಗಳಿಗಾಗಿ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋಗೆ ಬಂದ ಎಂಟು ಚೀತಾಗಳು ನಮೀಬಿಯಾದವು. ಅದರಲ್ಲಿ ಜೊತೆಗೂಡಿದ್ದ ಚೀತಾ ಕನ್ಸರ್ವೇಶನ್ ಫಂಡ್‌ನ ಕೇಂದ್ರ ಇಲ್ಲಿದೆ. ಲಾರಿ ಮಾರ್ಕರ್ ಎಂಬ ವಿಜ್ಞಾನಿ 1990ರಲ್ಲಿ ಶುರುಮಾಡಿದ್ದು. ಅವರ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ನಾಯಿಗಳು. ಕುರಿ ಮೇಕೆ ಹಿಡಿಯುತ್ತದೆಂದು ರೈತರು ಚೀತಾ ಕೊಲ್ಲುತ್ತಿದ್ದರು. ಇವರು ಟರ್ಕಿ ಮೂಲದ ದೊಡ್ಡ ಕಾವಲು ನಾಯಿಗಳನ್ನು ಸಾಕಿ ರೈತರಿಗೆ ಕೊಟ್ಟರು. ಮರಿಯಿಂದಲೇ ಮಂದೆಯ ಜೊತೆ ಬೆಳೆದ ನಾಯಿ ಬೊಗಳಿದರೆ ಚೀತಾ ಜಗಳಕ್ಕೆ ನಿಲ್ಲುವುದಿಲ್ಲ, ಹೋಗಿಬಿಡುತ್ತದೆ. ಕುರಿಯೂ ಉಳಿಯಿತು, ಚೀತಾವೂ ಉಳಿಯಿತು.

ಊಟದ ಬಗ್ಗೆ ಚಿಂತೆ ಬೇಡ, ಆದರೆ ತಯಾರಿ ಬೇಕು. ಮಾಂಸವೇ ಮುಖ್ಯ ಊಟವಾಗಿರುವ ದೇಶ ಅದು. ಲಾಡ್ಜುಗಳಿಗೆ ಬುಕ್ ಮಾಡುವಾಗಲೇ ಮೊಟ್ಟೆ, ಮೀನು, ಕೋಳಿ ಯಾವುದೂ ಬೇಡ ಅಂತ ಬಿಡಿಸಿ ಬರೆಯಿರಿ. ಬರೀ ಸಸ್ಯಾಹಾರಿ ಅಂದರೆ ಮೀನು ಬಂದೀತು. ಅಡುಗೆಮನೆ ಇರುವ ರೂಮು ಸಿಕ್ಕ ಕಡೆ ನೀವೇ ಅನ್ನ ಮಾಡಿಕೊಳ್ಳಿ. ಅಕ್ಕಿ, ಬೇಳೆ, ಮೊಸರು, ತರಕಾರಿ ವಿಂಡ್‌ಹುಕ್, ಸ್ವಾಕೊಪ್‌ಮುಂಡ್‌ನ ಸೂಪರ್ ಮಾರ್ಕೆಟ್‌ಗಳಲ್ಲಿ ಚೆನ್ನಾಗಿ ಸಿಗುತ್ತವೆ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಮನೆಯಿಂದ ಪ್ಯಾಕ್ ಮಾಡಿ ಸೀಲ್ ಹಾಕಿಸಿ ತನ್ನಿ. ಇನ್ನೊಂದು ಸಂತೋಷದ ವಿಷಯ: ನಮ್ಮ ಮನೆಯ ಗೀಸರಿಗೆ, ಫ್ರಿಜ್ಜಿಗೆ ಇರುವ ದಪ್ಪ ಮೂರು ಪಿನ್ನಿನ ಪ್ಲಗ್ಗೇ ಅಲ್ಲಿನದೂ. ಅಂಥ ಪ್ಲಗ್ಗಿನ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಒಯ್ದರೆ ಅಮ್ಮನ ಪುಟ್ಟ ರೈಸ್ ಕುಕ್ಕರಿನಿಂದ ಕ್ಯಾಮೆರಾ ಚಾರ್ಜರಿನವರೆಗೆ ಎಲ್ಲ ನಡೆಯುತ್ತದೆ.

ಅಮ್ಮನ ಬಗ್ಗೆ ಹೇಳುವುದಾದರೆ, ಅವರಿಗೆ ಕಷ್ಟವಾಗುವುದು ನಡಿಗೆಯಲ್ಲ. ಜಲ್ಲಿ ರಸ್ತೆಯ ಕುಲುಕಾಟ ಮತ್ತು ಬಿಸಿಲು. ಮುಂದಿನ ಸೀಟು ಅವರಿಗೇ ಕೊಡಿ, ಬೆನ್ನಿಗೆ ಒಂದು ದಿಂಬು ಇರಲಿ, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ. ಮಾತ್ರೆಗಳು ಇಡೀ ಪ್ರವಾಸಕ್ಕೆ ಆಗುವಷ್ಟು, ಜೊತೆಗೆ ಒಂದು ವಾರದ್ದು ಜಾಸ್ತಿ, ವೈದ್ಯರ ಚೀಟಿ ಸಮೇತ ಕೈಚೀಲದಲ್ಲೇ ಇಡಿ. ದೂರದ ಜಾಗದಿಂದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದ ಪ್ರಯಾಣ ವಿಮೆಯನ್ನೇ ಮಾಡಿಸಿ. ಇದರಲ್ಲಿ ಉಳಿತಾಯ ನೋಡಬೇಡಿ. ಎತೋಷಾ ಕಡೆ ಮಲೇರಿಯಾ ಇದೆ, ಒಣಗಾಲದಲ್ಲಿ ಕಡಿಮೆ. ಹೊರಡುವ ತಿಂಗಳು ಮುಂಚೆ ವೈದ್ಯರನ್ನು ಕಂಡು ಮಾತ್ರೆ ಬೇಕಾ ಎಂದು ಕೇಳಿ. ಇಥಿಯೋಪಿಯಾ ಅಥವಾ ಕೀನ್ಯಾ ಮೂಲಕ ವಿಮಾನ ಬದಲಿಸುವುದಾದರೆ ಹಳದಿ ಜ್ವರದ ಲಸಿಕೆಯ ಪತ್ರ ಕೇಳುವ ಸಾಧ್ಯತೆ ಇದೆ. ಅದನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿರಬೇಕು. 60 ದಾಟಿದವರಿಗೆ ಆ ಲಸಿಕೆ ಕೊಡುವಾಗ ವೈದ್ಯರು ಎಚ್ಚರ ವಹಿಸುತ್ತಾರೆ. ಹಾಗಾಗಿ ಅಮ್ಮನ ದೃಷ್ಟಿಯಿಂದ ಬೇರೆ ದಾರಿಯ ವಿಮಾನವೇ ಮೇಲು.

ವೀಸಾ ನಿಯಮಗಳು ಈಚೆಗೆ ಬದಲಾಗಿವೆ, ನಮೀಬಿಯಾ ಸರ್ಕಾರದ ವೆಬ್‌ಸೈಟನ್ನೇ ನೋಡಿ, ಏಜೆಂಟರ ಮಾತು ನಂಬಿ ಕೂರಬೇಡಿ. ಮಗಳ ಜನನ ಪ್ರಮಾಣಪತ್ರ ಜೊತೆಗಿರಲಿ. ಹಣ ನಮೀಬಿಯಾ ಡಾಲರ್, ಸುಮಾರು ಐದು ರೂಪಾಯಿ ಆಸುಪಾಸು. ದಕ್ಷಿಣ ಆಫ್ರಿಕಾದ ರಾಂಡ್‌ಗೂ ಅದಕ್ಕೂ ಬೆಲೆ ಒಂದೇ, ರಾಂಡ್ ಕೂಡ ನಡೆಯುತ್ತದೆ. ವಿಂಡ್‌ಹುಕ್‌ನಲ್ಲಿ ಗಾಡಿಯೊಳಗೆ ಬ್ಯಾಗ್ ಕಾಣುವಂತೆ ಬಿಟ್ಟು ಹೋಗಬೇಡಿ, ರಾತ್ರಿ ನಡೆದು ಸುತ್ತಬೇಡಿ. ಅದು ಬಿಟ್ಟರೆ ಜನ ಸಭ್ಯರು, ದಾರಿಯಲ್ಲಿ ಗಾಡಿ ನಿಂತರೆ ಹಾದುಹೋಗುವವರು ನಿಲ್ಲಿಸಿ ಕೇಳುತ್ತಾರೆ. ನೀವೂ ಹಾಗೇ ಮಾಡಿ.

ಬುಕಿಂಗ್ ಮಾತ್ರ ಈಗಲೇ ಶುರುಮಾಡಿ. ವಿಮಾನದ ಟಿಕೆಟ್ ಮೊದಲಲ್ಲ, ಒಕೌಕುಯೊ ಮೊದಲು. ಎತೋಷಾದ ಮತ್ತು ಸೆಸ್ರಿಯಂ ಒಳಗಿನ ರೂಮುಗಳು ಸೆಪ್ಟೆಂಬರ್–ಅಕ್ಟೋಬರ್‌ಗೆ ತಿಂಗಳುಗಳ ಮುಂಚೆಯೇ ತುಂಬುತ್ತವೆ. ಆ ಎರಡರ ದಿನಾಂಕ ಸಿಕ್ಕಿದ ಮೇಲೆ ನಡುವಿನ ರಾತ್ರಿಗಳನ್ನು ಹೊಂದಿಸಿ, ಆಮೇಲೆ ಟಿಕೆಟ್ ತೆಗೆಯಿರಿ. ದಿಕ್ಕನ್ನು ತಿರುಗಿಸಿ, ಎತೋಷಾ ಮೊದಲು ಮರಳು ಕೊನೆಗೆ ಮಾಡಿದರೂ ತೊಂದರೆ ಇಲ್ಲ. ಒಕೌಕುಯೊದಲ್ಲಿ ಎರಡು ರಾತ್ರಿ ಸಿಗದಿದ್ದರೆ ಹಲಾಲಿಯಲ್ಲಿ ಎರಡು ತೆಗೆದುಕೊಳ್ಳಿ. ಯಾವುದೂ ಸಿಗದಿದ್ದರೆ ವಾರಕ್ಕೊಮ್ಮೆ ಮತ್ತೆ ವಿಚಾರಿಸುತ್ತಿರಿ, ಪ್ರವಾಸ ಕಂಪನಿಗಳು ಹಿಡಿದಿಟ್ಟ ರೂಮುಗಳನ್ನು ಆಗಾಗ ಬಿಡುತ್ತವೆ.